ಲೀಗಿನ ನಡುವೆ ಪದ ಸೇರಿಸಬೇಡಿ: ನಿಘಂಟು ಸಮಿತಿಗೊಂದು ಬಹಿರಂಗ ಪತ್ರ

ನಿಘಂಟು ಸಮಿತಿಯ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ನಾನು ಒಂಬತ್ತು ವರ್ಷದಿಂದ ನಿಮ್ಮ ಪದದಾಟ ಆಡುತ್ತಿದ್ದೇನೆ. ಸ್ಕ್ರ್ಯಾಬಲ್ ಹಾಗೆ, ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಪರದೆಯ ಬೋರ್ಡಿನ ಮೇಲೆ ಜೋಡಿಸಿ ಪದ ಮಾಡುವ ಆಟ ಇದು; ನಿಮ್ಮ ಪಟ್ಟಿಯಲ್ಲಿ ಇರುವ ಪದ ಮಾತ್ರ ನಡೆಯುತ್ತದೆ. ರಾತ್ರಿ ಒಂದು ಪಂದ್ಯ ಆಡದೆ ಮಲಗಿದ ದಿನಗಳು ಕಡಿಮೆ. ಎರಡಕ್ಷರದ ಇಂಗ್ಲಿಷ್ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅಡುಗೆಮನೆ ಬಾಗಿಲಿಗೆ ಅಂಟಿಸಿ, ಕೆಲಸ ಮಾಡುತ್ತಲೇ ಬಾಯಿಪಾಠ ಮಾಡಿದ್ದೇನೆ. ಆ ಹಾಳೆ ಈಗಲೂ ಅಲ್ಲೇ ಇದೆ. ನೀವು ಪಟ್ಟಿ ಬದಲಾಯಿಸಿದಾಗಲೆಲ್ಲ ಅದನ್ನೂ ಪೆನ್ನಿನಲ್ಲಿ ತಿದ್ದಿದ್ದೇನೆ. ಈ ಆಟ ನನಗೆಷ್ಟು ಬೇಕಾದದ್ದು ಅಂತ ನಿಮಗೆ ತಿಳಿದಿರಲಿ ಅಂತ ಇದನ್ನು ಮೊದಲೇ ಹೇಳಿದೆ. ಮುಂದೆ ಬರೆಯುವುದು ದೂರು.

ಕಳೆದ ಲೀಗಿನ ಕೊನೆಯ ಸುತ್ತಿನಲ್ಲಿ ನಾನು 38 ಪಾಯಿಂಟ್ ಮುಂದಿದ್ದೆ. ಚೀಲದಲ್ಲಿ ಉಳಿದಿದ್ದ ಬಿಲ್ಲೆಗಳು ಕೆಲವೇ. ಬೋರ್ಡಿನ ಎಡಗಡೆ ಮೇಲಿಂದ ಕೆಳಕ್ಕೆ ನಾನು "ಬೋಟ್" ಅಂತ ಜೋಡಿಸಿದ್ದೆ. ಎದುರಾಳಿ ಅದರ ತುದಿಗೆ ಒಂದು ಎಸ್ ಇಟ್ಟರು. ಆ ಎಸ್‌ನಿಂದಲೇ ಶುರುಮಾಡಿ ಅಡ್ಡಕ್ಕೆ ಏಳು ಬಿಲ್ಲೆ ಸಾಲಾಗಿ ಕೂತವು: ಎಸ್, ಕೆ, ಐ, ಬಿ, ಐ, ಡಿ, ಐ. "ಸ್ಕಿಬಿಡಿ". ನಾನು ಪರದೆಯನ್ನು ಕಣ್ಣಿಗೆ ಹತ್ತಿರ ತಂದು ಮತ್ತೆ ಓದಿದೆ. ಇಂಥ ಪದ ನಮ್ಮ ಪಟ್ಟಿಯಲ್ಲಿ ಇಲ್ಲ ಅಂತ ನನಗೆ ಖಾತ್ರಿ ಇತ್ತು. ಆ ಭಾನುವಾರವಷ್ಟೇ ಏಳಕ್ಷರದ ಪದಗಳನ್ನು ಒಂದು ಸುತ್ತು ಓದಿ ಮುಗಿಸಿದ್ದೆ. ಪದ ಪಟ್ಟಿಯಲ್ಲಿ ಇದೆಯಾ ಅಂತ ಪ್ರಶ್ನಿಸುವ ಚಾಲೆಂಜ್ ಗುಂಡಿ ಒತ್ತಿದೆ. ಹಸಿರು ಗುರುತು ಬಂತು. ಪದ ಸರಿ ಇದೆ ಅಂತ.

ಅಕ್ಷರಗಳ ಬೆಲೆ 14. ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದ್ದಕ್ಕೆ 50. ನನ್ನ "ಬೋಟ್" ಈಗ "ಬೋಟ್ಸ್" ಆಗಿದ್ದರಿಂದ ಅದರ 7. ಪಾಯಿಂಟ್ ಹೆಚ್ಚಿಸುವ ಬಣ್ಣದ ಮನೆಗಳ ಲೆಕ್ಕ ಬಿಟ್ಟರೂ ಒಂದೇ ಏಟಿಗೆ 71. ಮೇಲಾಗಿ, ಚಾಲೆಂಜ್ ತಪ್ಪಿದ್ದಕ್ಕೆ ನನ್ನ ಸರದಿಯೂ ಹೋಯಿತು.

ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು ಇಷ್ಟು. ಆಟದೊಳಗೆ ನೀವು ಎರಡು ದಿನ ವೋಟ್ ಇಟ್ಟಿದ್ದಿರಿ. ಹೊಸ ಇಂಟರ್ನೆಟ್ ಪದಗಳಲ್ಲಿ ಯಾವುದು ಬೇಕು ಅಂತ ಕೇಳಿದ್ದಿರಿ. ಜಾಸ್ತಿ ವೋಟ್ ಬಿದ್ದ ಪದಗಳನ್ನು ನಮ್ಮ ಪಂದ್ಯದ ದಿನ ಮಧ್ಯಾಹ್ನವೇ ಪಟ್ಟಿಗೆ ಸೇರಿಸಿದ್ದಿರಿ. ಅದರ ಪ್ರಕಟಣೆ ನಮಗೆ ಬಂದಿದ್ದು ಮೂರು ದಿನ ಕಳೆದ ಮೇಲೆ.

ಆ ಪಂದ್ಯದ ಫಲಿತಾಂಶ ಬದಲಾಯಿಸಿ ಅಂತ ನಾನು ಕೇಳುತ್ತಿಲ್ಲ. ಎದುರಾಳಿಯದು ಏನೂ ತಪ್ಪಿಲ್ಲ. ಆ ಹೊತ್ತಿಗೆ ಪದ ಪಟ್ಟಿಯಲ್ಲಿತ್ತು, ಅವರು ಆಡಿದರು. ನನ್ನ ಮಾತು ಆ ಪದ ಅಲ್ಲಿಗೆ ಬಂದ ದಾರಿಯ ಬಗ್ಗೆ.

ಮಾರನೇ ದಿನ ಅಕ್ಕನ ಮಗನನ್ನು ಕೇಳಿದೆ. ಅವನಿಗೆ ಹದಿಮೂರು ವರ್ಷ. "ಏನೋ ಇದು ಸ್ಕಿಬಿಡಿ ಅಂದ್ರೆ?" "ಅರ್ಥ ಅಂತ ಏನಿಲ್ಲ ಚಿಕ್ಕಮ್ಮ. ಚೆನ್ನಾಗಿದ್ರೂ ಸ್ಕಿಬಿಡಿ, ಕೆಟ್ಟದಾಗಿದ್ರೂ ಸ್ಕಿಬಿಡಿ. ಸುಮ್ನೆ ಹೇಳೋದು." ನಾನು ನಿಘಂಟು ತೆಗೆದೆ. ಕೇಂಬ್ರಿಡ್ಜ್ ನಿಘಂಟಿನವರು 2025ರ ಆಗಸ್ಟ್‌ನಲ್ಲಿ ಈ ಪದವನ್ನು ಸೇರಿಸಿಕೊಂಡಿದ್ದಾರೆ. ಹುಡುಗ ಹೇಳಿದ್ದನ್ನೇ ಅವರೂ ಬರೆದಿದ್ದಾರೆ: ಒಳ್ಳೆಯದು ಅನ್ನುವುದಕ್ಕೂ ಬರುತ್ತದೆ, ಕೆಟ್ಟದ್ದು ಅನ್ನುವುದಕ್ಕೂ ಬರುತ್ತದೆ, ಯಾವ ಅರ್ಥವೂ ಇಲ್ಲದೆ ತಮಾಷೆಗೂ ಬರುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. "ನೀವು ಈಗ್ಲೂ ಅದನ್ನ ಹೇಳ್ತೀರಾ?" ಅವನು ತಲೆ ಅಲ್ಲಾಡಿಸಿದ. "ಅಯ್ಯೋ, ಇಲ್ಲ. ಅದು ಚಿಕ್ಕ ಮಕ್ಕಳು ಹೇಳೋದು. ಹಳೇದಾಯ್ತು."

ಹದಿಮೂರರ ಹುಡುಗನಿಗೆ ಆಗಲೇ ಹಳತಾದ ಪದ, ನಮ್ಮ ಪಟ್ಟಿಗೆ ಹೊಸದಾಗಿ ಬಂದಿದೆ. ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಕೇಂಬ್ರಿಡ್ಜ್‌ನವರು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರದು ಓದುವವರ ನಿಘಂಟು. ಯಾರೋ ಎಲ್ಲೋ ಒಂದು ಪದ ಕೇಳಿ ತಬ್ಬಿಬ್ಬಾದರೆ ಹುಡುಕಲು ಒಂದು ಜಾಗ ಬೇಕು. ಅಲ್ಲಿ ಒಂದು ಪದ ಜಾಸ್ತಿ ಇದ್ದರೆ ಯಾರಿಗೂ ನಷ್ಟ ಇಲ್ಲ. ಆಟದ ಪಟ್ಟಿಯ ವಿಷಯ ಬೇರೆ. ಇಲ್ಲಿ ಪ್ರತಿ ಪದವೂ ಒಂದು ನಡೆ. ಹೊಸ ಪದ ಸೇರಿಸುವುದು ಅಂದರೆ ಚದುರಂಗದಲ್ಲಿ ಕುದುರೆಗೆ ಇನ್ನೊಂದು ಹೊಸ ನಡೆ ಕೊಟ್ಟ ಹಾಗೆ. ಕೊಡಬಾರದು ಅಂತಲ್ಲ. ಆದರೆ ಪಂದ್ಯ ನಡೆಯುತ್ತಿರುವಾಗ, ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ ಕೊಡುವುದು ಸರಿನಾ?

ಪದ ಅಂದರೆ ನಡೆ ಅನ್ನುವುದಕ್ಕೆ ನೈಜೆಲ್ ರಿಚರ್ಡ್ಸ್ ಅವರಿಗಿಂತ ಒಳ್ಳೆ ಉದಾಹರಣೆ ಇಲ್ಲ. ನ್ಯೂಜಿಲೆಂಡಿನ ಈ ಆಟಗಾರ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಪದಪಟ್ಟಿಯನ್ನು ಕಲಿತು ಹೋಗಿ ಆಡಿದರು, ಅಷ್ಟೆ. ಅರ್ಥ ಗೊತ್ತಿಲ್ಲದಿದ್ದರೂ ಪಟ್ಟಿ ಗಟ್ಟಿಯಾಗಿ ಗೊತ್ತಿದ್ದರೆ ಗೆಲ್ಲಬಹುದು. ಹಾಗಿದ್ದ ಮೇಲೆ, ಆಟಗಾರರಿಗೂ ನಿಮಗೂ ನಡುವೆ ಇರುವ ಒಪ್ಪಂದ ಅಂದರೆ ಆ ಪಟ್ಟಿಯೇ ಅಲ್ವಾ? ಕಾಲಿನ್ಸ್ ಸ್ಕ್ರ್ಯಾಬಲ್ ಪಟ್ಟಿಯಲ್ಲಿ 2019ರ ಹೊತ್ತಿಗೆ 2,79,496 ಪದಗಳಿದ್ದವು. ಇಷ್ಟನ್ನು ಕಲಿಯಲು ಜನ ವರ್ಷಗಟ್ಟಲೆ ಕೂರುತ್ತಾರೆ. ನಾನು ಅದರ ಒಂದು ಮೂಲೆಯನ್ನೂ ಮುಟ್ಟಿಲ್ಲ. ಆದರೂ ಕಲಿತಷ್ಟು ನನ್ನದು ಅನ್ನುವ ಧೈರ್ಯ ಬೇಕಲ್ಲ.

ನಾನು ಹೊಸ ಪದಗಳ ವಿರೋಧಿ ಅಂತ ದಯವಿಟ್ಟು ತಿಳಿಯಬೇಡಿ. ಈ ವಿಷಯದಲ್ಲಿ ನನ್ನ ಓರಗೆಯ ಕೆಲವು ಆಟಗಾರರ ಜೊತೆಗೂ ನನಗೆ ಜಗಳ ಇದೆ. "ಇಂಟರ್ನೆಟ್ ಪದಗಳು ಬೇಡವೇ ಬೇಡ, ಭಾಷೆ ಹಾಳಾಗುತ್ತೆ" ಅಂತಾರೆ ಅವರು. ಅವರೇ ಪಿಜ್ಜಾವನ್ನು ಮೊಟಕು ಮಾಡಿದ "ಝಾ" ಪದವನ್ನು ಸಂತೋಷವಾಗಿ ಆಡುತ್ತಾರೆ. ಎರಡೇ ಬಿಲ್ಲೆಗೆ 11 ಪಾಯಿಂಟ್. ಅದೂ ಸ್ಲ್ಯಾಂಗೇ. ಉತ್ತರ ಅಮೆರಿಕದ ಟೂರ್ನಮೆಂಟ್ ಪಟ್ಟಿಗೆ ಅದು ಬಂದಿದ್ದು 2006ರಲ್ಲಿ.

ಇನ್ನು "ಓಕೆ" ಕಥೆ ಕೇಳಿ. ದಿನಕ್ಕೆ ನೂರು ಸಲ ನಾವೆಲ್ಲ ಹೇಳುವ ಈ ಪದ ಹುಟ್ಟಿದ್ದೇ ಒಂದು ತಮಾಷೆಯಾಗಿ. 1839ರಲ್ಲಿ ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಆ ಕಾಲದ ಹುಡುಗರಲ್ಲಿ ಒಂದು ಹುಚ್ಚಿತ್ತು. ಬೇಕಂತಲೇ ಕಾಗುಣಿತ ತಪ್ಪಿಸಿ, ಅದರ ಮೊದಲ ಅಕ್ಷರಗಳನ್ನು ಮಾತ್ರ ಬರೆಯುವುದು. "ಆಲ್ ಕರೆಕ್ಟ್" ಅನ್ನುವುದನ್ನು ಓ ಮತ್ತು ಕೆ ಅಕ್ಷರದಿಂದ ಶುರುವಾಗುವ ಹಾಗೆ ತಪ್ಪಾಗಿ ಬರೆದರು, ಓಕೆ ಆಯಿತು. "ಆಲ್ ರೈಟ್" ಅನ್ನುವುದನ್ನೂ ಹೀಗೇ ಕೆಡಿಸಿ ಓ, ಡಬ್ಲ್ಯೂ ಮಾಡಿದ್ದರು. "ನೋ ಗೋ" ಅನ್ನುವುದನ್ನು ಕೆ, ಜಿ ಮಾಡಿದ್ದರು. ಇವತ್ತಿನ ಫೋನ್ ಮೆಸೇಜಿನ ಮಕ್ಕಳು ಮಾಡುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಆದರೆ ಆ ಗುಂಪಿನಲ್ಲಿ ಉಳಿದದ್ದು ಓಕೆ ಒಂದೇ. ಮಾರನೇ ವರ್ಷ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಚುನಾವಣಾ ಪ್ರಚಾರ ಅದನ್ನು ಎತ್ತಿಕೊಂಡಿತು. ಅವರ ಊರಿನ ಹೆಸರು ಕಿಂಡರ್‌ಹುಕ್, ಅಡ್ಡಹೆಸರು "ಓಲ್ಡ್ ಕಿಂಡರ್‌ಹುಕ್". ಹಾಗೆ ಪದ ಬಾಯಿಂದ ಬಾಯಿಗೆ ಹೋಯಿತು. ಮಿಕ್ಕವು ಸತ್ತವು.

1839ರಲ್ಲಿ ನಿಮ್ಮ ಹಾಗೆ ಎರಡು ದಿನದ ವೋಟ್ ಇಟ್ಟಿದ್ದರೆ ಏನಾಗುತ್ತಿತ್ತು? ಮೂರೂ ಪಟ್ಟಿಯಲ್ಲಿ ಇರುತ್ತಿದ್ದವು. ಯಾವುದು ಬದುಕುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಾಗುವುದಿಲ್ಲ. ಇದನ್ನೇ ನಿಮಗೆ ಒತ್ತಿ ಹೇಳಬೇಕಾಗಿರುವುದು.

ಸ್ಕ್ರ್ಯಾಬಲ್‌ನವರು ಓಕೆಯನ್ನು ತೀರಾ ಜಾಸ್ತಿ ಕಾಯಿಸಿದರು, ಒಪ್ಪುತ್ತೇನೆ. ಮೆರಿಯಮ್-ವೆಬ್‌ಸ್ಟರ್‌ನ ಸ್ಕ್ರ್ಯಾಬಲ್ ನಿಘಂಟಿಗೆ ಅದು ಬಂದಿದ್ದು 2018ರಲ್ಲಿ, ಕಾಲಿನ್ಸ್ ಪಟ್ಟಿಗೆ 2019ರಲ್ಲಿ. ದೊಡ್ಡಕ್ಷರದಲ್ಲಿ ಬರೆಯುವ ಪದ ಅಂತ ಅಲ್ಲಿವರೆಗೂ ಹೊರಗಿಟ್ಟಿದ್ದರು. ನಾನು 180 ವರ್ಷ ಕಾಯಿರಿ ಅಂತ ಹೇಳುತ್ತಿಲ್ಲ. "ಸೆಲ್ಫಿ"ಯನ್ನು ನೋಡಿ. 2002ರಲ್ಲಿ ಆಸ್ಟ್ರೇಲಿಯಾದ ಯಾರೋ ಒಬ್ಬರು ಇಂಟರ್ನೆಟ್ಟಿನಲ್ಲಿ ಬರೆದದ್ದು ಸಿಕ್ಕಿರುವ ಮೊದಲ ಬಳಕೆ. 2013ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನು ವರ್ಷದ ಪದ ಅಂದರು. 2014ರಲ್ಲಿ ಸ್ಕ್ರ್ಯಾಬಲ್ ನಿಘಂಟಿಗೆ ಬಂತು. ಆ ಹೊತ್ತಿಗೆ ಅಜ್ಜಿಯರೂ ಸೆಲ್ಫಿ ಅನ್ನುತ್ತಿದ್ದರು. ಅದೇ 2014ರಲ್ಲಿ ಒಂದು ಪುಟ್ಟ ವಿಡಿಯೊದಿಂದ "ಆನ್ ಫ್ಲೀಕ್" (ಅಚ್ಚುಕಟ್ಟಾಗಿದೆ ಅಂತ) ಅನ್ನುವ ಮಾತು ಎದ್ದಿತು. ಕೆಲವು ತಿಂಗಳು ಎಲ್ಲಿ ನೋಡಿದರೂ ಅದೇ. ಈಗ ಯಾರಾದರೂ ಹೇಳುವುದನ್ನು ನಾನು ಕೇಳಿಲ್ಲ.

ವೋಟ್ ಇಟ್ಟಾಗ ಏನಾಗುತ್ತದೆ ಅಂದರೆ, ಆ ವಾರ ಯಾವ ಪದ ಜೋರಾಗಿ ಕೇಳಿಸುತ್ತಿದೆಯೋ ಅದಕ್ಕೇ ವೋಟ್ ಬೀಳುತ್ತದೆ. ನಿಘಂಟು ಮಾಡುವವರು ಹಾಗೆ ಮಾಡುವುದಿಲ್ಲ. ಅವರು ಪತ್ರಿಕೆ, ಪುಸ್ತಕ, ಮಾತುಕತೆ ಎಲ್ಲ ಕಡೆ ಆ ಪದ ಹುಡುಕುತ್ತಾರೆ. ಬೇರೆ ಬೇರೆ ಜನ ಬಳಸುತ್ತಿದ್ದಾರಾ, ಕೆಲವು ವರ್ಷ ಉಳಿದಿದೆಯಾ, ಅರ್ಥ ಒಂದು ಹದಕ್ಕೆ ಬಂದಿದೆಯಾ ಅಂತ ನೋಡುತ್ತಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಒಂದು ಗುರುತಿದೆ. ಬರೆಯುವವರು ಪದದ ಪಕ್ಕದಲ್ಲಿ ಅರ್ಥ ವಿವರಿಸುವುದನ್ನು ಯಾವಾಗ ಬಿಡುತ್ತಾರೋ, ಅವತ್ತು ಪದ ಬೇರು ಬಿಟ್ಟಿದೆ ಅಂತ. "ಸೆಲ್ಫಿ ಅಂದರೆ ತಮ್ಮ ಫೋಟೊ ತಾವೇ ತೆಗೆದುಕೊಳ್ಳುವುದು" ಅಂತ ಈಗ ಯಾರೂ ಬರೆಯುವುದಿಲ್ಲ. ಸ್ಕಿಬಿಡಿ ಬಗ್ಗೆ ಬರೆಯುವವರು ಇನ್ನೂ ವಿವರಿಸುತ್ತಲೇ ಇದ್ದಾರೆ. ನಾನೂ ಈ ಪತ್ರದಲ್ಲಿ ವಿವರಿಸಬೇಕಾಯಿತು.

ಇನ್ನೊಂದು ವಿಷಯ ನೀವು ಗಮನಿಸಿದ್ದೀರೋ ಇಲ್ಲವೋ. "ಇಂಟರ್ನೆಟ್ ಪದ" ಅಂತ ನಾವು ಕರೆಯುವ ಎಷ್ಟೋ ಪದಗಳು ಇಂಟರ್ನೆಟ್ಟಿನಲ್ಲಿ ಹುಟ್ಟಿದವಲ್ಲ. ಅಮೆರಿಕದ ಕಪ್ಪು ಜನರ ಮಾತಿನಲ್ಲಿ ಎಷ್ಟೋ ವರ್ಷ ಇದ್ದು, ಆಮೇಲೆ ಬೇರೆಯವರ ಫೋನಿಗೆ ಬಂದವು ಅವು. ಫೋನಿಗೆ ಬಂದ ದಿನವನ್ನೇ ಹುಟ್ಟಿದ ದಿನ ಅಂದುಕೊಂಡರೆ ಅಂಥ ಪದಕ್ಕೆ ಅನ್ಯಾಯ. ಅದನ್ನು ಮೂರು ದಿನದ ಹುಚ್ಚು ಅಂತ ತಳ್ಳಿಬಿಡುತ್ತೇವೆ. ಒಂದು ಪದ ಹೊಸತಾ ಅಂತ ಹೇಳುವ ಮೊದಲು, ಅದನ್ನು ಮೊದಲು ಆಡಿದವರು ಯಾರು ಅಂತ ಕೇಳಬೇಕು. ನಿಮ್ಮ ವೋಟಿನಲ್ಲಿ ಸೋತ ಪದಗಳಲ್ಲಿ ಇಂಥವು ಇರಬಹುದು. ಅವುಗಳ ಚರಿತ್ರೆ ನೋಡಿದವರು ಯಾರಾದರೂ ಇದ್ದರಾ? ವೋಟಿನ ಪುಟದಲ್ಲಂತೂ ಬರೀ ಪದ ಇತ್ತು, ಪಕ್ಕದಲ್ಲಿ ಒಂದು ಗುಂಡಿ ಇತ್ತು.

ಅದೇ ಸಲ ಸೇರಿಸಿದ "ರಿಜ್" ಬಗ್ಗೆಯೂ ಹೇಳಬೇಕು. ಎದುರಿನವರನ್ನು ಸೆಳೆಯುವ ಮೋಡಿ ಅಂತ ಅದರ ಅರ್ಥ. ಆಕ್ಸ್‌ಫರ್ಡ್‌ನವರ 2023ರ ವರ್ಷದ ಪದ. ಇದು ಪಟ್ಟಿಯಲ್ಲಿ ಇರಲಿ ಅಂತಲೇ ನನ್ನ ಅಭಿಪ್ರಾಯ. ಅರ್ಥ ಗಟ್ಟಿಯಾಗಿದೆ, ಕ್ರಿಯಾಪದವಾಗಿಯೂ ಓಡಾಡುತ್ತಿದೆ. ಅದನ್ನು ಆಡುವುದೂ ಸುಲಭವಿಲ್ಲ. ಆರ್, ಐ, ಆಮೇಲೆ ಎರಡು ಝಡ್ ಬೇಕು. ಚೀಲದ ನೂರು ಬಿಲ್ಲೆಯಲ್ಲಿ ಝಡ್ ಇರುವುದು ಒಂದೇ. ಎರಡನೇ ಝಡ್‌ಗೆ, ಯಾವ ಅಕ್ಷರವಾಗಿ ಬೇಕಾದರೂ ಇಡಬಹುದಾದ ಖಾಲಿ ಬಿಲ್ಲೆ ಹಾಕಬೇಕು, ಅದಕ್ಕೆ ಪಾಯಿಂಟ್ ಇಲ್ಲ. 12 ಪಾಯಿಂಟಿಗೆ ಖಾಲಿ ಬಿಲ್ಲೆ ಕಳೆದುಕೊಳ್ಳುವ ಆಟಗಾರರು ಕಡಿಮೆ.

ಆದರೆ ನೀವು ಇದನ್ನೂ ಅರ್ಧಂಬರ್ಧ ಸೇರಿಸಿದ್ದೀರಿ. ಹೋದ ವಾರ ನನ್ನ ಎದುರಾಳಿಯೊಬ್ಬರು ಬೋರ್ಡಿನಲ್ಲಿದ್ದ ರಿಜ್‌ಗೆ ಇ, ಡಿ ಹಚ್ಚಿ ಭೂತಕಾಲ ಮಾಡಲು ಹೋದರು. ಆಟ ಒಪ್ಪಲಿಲ್ಲ. ಐ, ಎನ್, ಜಿ ಹಚ್ಚಿದರೂ ಒಪ್ಪುವುದಿಲ್ಲ. ಬಹುವಚನವೂ ಇಲ್ಲ. ಜನರ ಬಾಯಲ್ಲಿ ಈ ರೂಪಗಳೆಲ್ಲ ಇವೆ, ಪಟ್ಟಿಯಲ್ಲಿ ಮಾತ್ರ ಇಲ್ಲ. ನಮ್ಮ ಆಟದಲ್ಲಿ ಒಂದು ಪದ ಎಷ್ಟು ಮುಖ್ಯವೋ, ಅದರ ತುದಿಗೆ ಏನು ಅಂಟುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಸ್ಕ್ರ್ಯಾಬಲ್ ಕಂಡುಹಿಡಿದ ಆಲ್‌ಫ್ರೆಡ್ ಬಟ್ಸ್ ಪತ್ರಿಕೆಯ ಪುಟದಲ್ಲಿ ಅಕ್ಷರಗಳನ್ನು ಎಣಿಸಿ ಬಿಲ್ಲೆಗಳ ಲೆಕ್ಕ ಹಾಕಿದವರು. ಆದರೂ ಎಸ್ ಬಿಲ್ಲೆಯನ್ನು ಮಾತ್ರ ಬೇಕಂತಲೇ ನಾಲ್ಕಕ್ಕೆ ನಿಲ್ಲಿಸಿದರು. ಎಲ್ಲದಕ್ಕೂ ಎಸ್ ಹಚ್ಚಿಕೊಂಡು ಹೋದರೆ ಆಟ ತೀರಾ ಸುಲಭ ಆಗುತ್ತಿತ್ತು. ಒಂದು ಅಕ್ಷರದ ಬಗ್ಗೆ ಇಷ್ಟು ಯೋಚನೆ ಮಾಡಿದ ಆಟದ ಪರಂಪರೆ ಇದು. ಪದ ಕರೆದುಕೊಂಡು ಬಂದರೆ ಅದರ ಸಂಸಾರವನ್ನೂ ಕರೆದುಕೊಂಡು ಬನ್ನಿ.

ಮೊದಲಕ್ಷರಗಳ ಪದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಓದುವವು ಹೊರಗಿರಲಿ. "ಲೇಸರ್", "ರೇಡಾರ್" ಕೂಡ ಮೊದಲಕ್ಷರಗಳಿಂದ ಆದವೇ, ಆದರೆ ಈಗ ಯಾರಿಗೂ ಅದು ನೆನಪಿಲ್ಲ, ಪದವಾಗಿಯೇ ಓದುತ್ತೇವೆ. ಹಾಗೆ ಆದವು ಒಳಗೆ ಬರಲಿ. ಈ ವಿಷಯದಲ್ಲಿ ನಿಮ್ಮ ಹಳೆ ನಿಯಮವೇ ಸಾಕು.

ಸೇರಿಸಿದ್ದು ತಪ್ಪಾದರೆ ಆಮೇಲೆ ತೆಗೆದರಾಯಿತು ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಬಹುದು. ತೆಗೆಯುವುದು ಸೇರಿಸುವುದಕ್ಕಿಂತ ಕಷ್ಟ. 2020ರಲ್ಲಿ ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಆಟಗಾರರ ಸಂಘ ಜನರನ್ನು ಹೀನಾಯ ಮಾಡುವ 200ಕ್ಕೂ ಜಾಸ್ತಿ ಪದಗಳನ್ನು ತೆಗೆಯಿತು. ತೆಗೆದದ್ದು ಸರಿ ಅಂತ ನಾನು ನಂಬುತ್ತೇನೆ. ಆದರೂ ಆಟಗಾರರೊಳಗೆ ದೊಡ್ಡ ಜಗಳವೇ ಆಯಿತು. ಇಂಟರ್ನೆಟ್ ಪದಗಳಲ್ಲಿ ಈ ಅಪಾಯ ಇನ್ನೂ ಹತ್ತಿರ ಇದೆ. ಮೇಲ್ನೋಟಕ್ಕೆ ತಮಾಷೆ ಅನ್ನಿಸುವ ಪದ ಯಾವುದೋ ಗುಂಪಿನ ಜನರನ್ನು ಹೀಯಾಳಿಸಲು ಹುಟ್ಟಿದ್ದು ಅಂತ ಒಂದೆರಡು ವರ್ಷ ಬಿಟ್ಟು ಗೊತ್ತಾಗುತ್ತದೆ. ಕಾದು ನೋಡಿದರೆ ಅದು ಮೊದಲೇ ತಿಳಿಯುತ್ತದೆ.

ಈಗ ನನ್ನ ಕೋರಿಕೆಗಳು. ಪಟ್ಟಿ ಬದಲಾಯಿಸಲು ವರ್ಷಕ್ಕೆ ಒಂದೇ ದಿನ ಗೊತ್ತು ಮಾಡಿ. ಆ ದಿನ ಎರಡು ಲೀಗುಗಳ ನಡುವೆ ಬರಲಿ, ಲೀಗಿನ ಒಳಗೆ ಬೇಡ. ಒಂದು ತಿಂಗಳು ಮುಂಚೆ ಹೊಸ ಪದಗಳನ್ನು ಅವುಗಳ ಎಲ್ಲ ರೂಪಗಳ ಜೊತೆ ಪ್ರಕಟಿಸಿ. ನಮಗೆ ಓದಿಕೊಳ್ಳಲು ಸಮಯ ಸಿಗಲಿ. ಎರಡಕ್ಷರ, ಮೂರಕ್ಷರದ ಪದವಾದರೆ ಇನ್ನೂ ಜಾಗ್ರತೆ ಬೇಕು, ಯಾಕೆಂದರೆ ಅವು ಪ್ರತಿ ಪಂದ್ಯದಲ್ಲೂ ಬರುತ್ತವೆ.

ವೋಟ್ ಬೇಕಾದರೆ ಇಟ್ಟುಕೊಳ್ಳಿ, ಆದರೆ ಯಾವ ಪದಗಳನ್ನು ಪರಿಶೀಲಿಸಬೇಕು ಅಂತ ಸೂಚಿಸಲು ಮಾತ್ರ. ತೀರ್ಮಾನ ನೀವು ಮಾಡಿ, ಕಾರಣ ಎರಡು ಸಾಲಿನಲ್ಲಿ ಬರೆದು ಹಾಕಿ. ಕಾಯುವ ಅವಧಿ ಐದು ವರ್ಷ ಅಂತ ನಾನು ಹೇಳುತ್ತೇನೆ. ಮೂರು ಅಂತ ನೀವು ಅಂದರೂ ಒಪ್ಪಿಕೊಳ್ಳುತ್ತೇನೆ. ಎರಡು ದಿನ ಮಾತ್ರ ಬೇಡ. ನಿಮ್ಮ ಸಮಿತಿಯಲ್ಲಿ ಇಪ್ಪತ್ತರ ಒಳಗಿನ ಒಬ್ಬಿಬ್ಬರನ್ನು ಸೇರಿಸಿಕೊಳ್ಳಿ. "ಅದು ಹಳೇದಾಯ್ತು" ಅಂತ ನನಗೆ ಹೇಳಲು ಅಕ್ಕನ ಮಗ ಇದ್ದ. ನಿಮಗೂ ಯಾರಾದರೂ ಹೇಳಬೇಕು.

ಸ್ನೇಹಿತರು ಸುಮ್ನೆ ಆಡಿಕೊಳ್ಳುವ ಪಂದ್ಯಗಳಿಗೆ ಒಂದು ಬೇರೆ ಪಟ್ಟಿ ಕೊಡಿ. ಇಬ್ಬರೂ ಒಪ್ಪಿದರೆ ಇವತ್ತಿನ ಪದಗಳೆಲ್ಲ ನಡೆಯಲಿ. ಮಕ್ಕಳಿಗೆ ಅವರ ಮಾತು ಬೋರ್ಡಿನ ಮೇಲೆ ಕಾಣುವ ಖುಷಿ ಇದೆಯಲ್ಲ, ಅದನ್ನು ಕಿತ್ತುಕೊಳ್ಳುವುದು ನನಗೆ ಇಷ್ಟವಿಲ್ಲ.

ಇನ್ನು ಸ್ಕಿಬಿಡಿ. ಈಗ ನಡೆಯುತ್ತಿರುವ ಲೀಗಿನಲ್ಲಿ ಅದು ಇರಲಿ. ಮಧ್ಯದಲ್ಲಿ ಸೇರಿಸಿದ್ದು ತಪ್ಪಾದರೆ ಮಧ್ಯದಲ್ಲಿ ತೆಗೆಯುವುದೂ ಅದೇ ತಪ್ಪು. ಲೀಗ್ ಮುಗಿದ ಮೇಲೆ ಅದನ್ನು ಸ್ನೇಹದ ಪಂದ್ಯಗಳ ಪಟ್ಟಿಗೆ ಹಾಕಿ, ಐದು ವರ್ಷ ಬಿಟ್ಟು ಮತ್ತೆ ನೋಡಿ. ಆಗಲೂ ಜನ ಹೇಳುತ್ತಿದ್ದರೆ ನಾನೇ ಅದನ್ನು ಸೇರಿಸಿ ಅಂತ ನಿಮಗೆ ಪತ್ರ ಬರೆಯುತ್ತೇನೆ.

ಮುಂದಿನ ಲೀಗ್ ಶುರುವಾಗುವ ಮೊದಲು ನಿಮ್ಮ ಉತ್ತರ ಬಂದರೆ ಉಪಕಾರ. ಬಾಗಿಲ ಮೇಲಿನ ಹಾಳೆಯನ್ನು ಹೊಸದಾಗಿ ಬರೆಯಬೇಕು. ಯಾವ ಪಟ್ಟಿ ನೋಡಿ ಬರೆಯಲಿ ಅಂತ ತಿಳಿಸಿ.

ಇಂತಿ,
ನಿಮ್ಮ ಆಟದ ಒಬ್ಬ ಹಳೆಯ ಆಟಗಾರ್ತಿ